ಗುದಡಿಯ ಮಾಣಿಕ್ಯ

ಉರ್ದುವಿನಲ್ಲಿ ‘ಗುದಡೀ ಕಾ ಲಾಲ್’ ಎಂಬ ನುಡಿಗಟ್ಟಿದೆ. ಬಡವರ ಮನೆಯಲ್ಲಿ ಹುಟ್ಟಿದ ಪ್ರತಿಭಾವಂತನನ್ನು ಚಿಂದಿಯೊಳಗಿನ ಮಾಣಿಕ್ಯವೆಂದು ಕರೆಯುವ ಮಾತಿದು. ಆದರೆ ಗುದಡಿಯೇ, ಅಂದರೆ ಕನ್ನಡದ ಕೌದಿಯೇ, ಮಾಣಿಕ್ಯವೆನಿಸಿಕೊಂಡ ಇತಿಹಾಸವೂ ಇದೆ.

ಮನುಷ್ಯ, ಮರ, ಮನೆ ಯಾವುದನ್ನೂ ಬಿಡಿಸದೆ ಬಣ್ಣ ಮತ್ತು ಆಕಾರಗಳಿಂದಲೇ ರಚಿಸುವ ಚಿತ್ರಕ್ಕೆ ಅಮೂರ್ತ ಚಿತ್ರ ಎನ್ನುತ್ತಾರೆ. ಇಂಥ ಚಿತ್ರಗಳಿಂದ ಸ್ಫೂರ್ತಿ ಪಡೆದು ಕೌದಿ ಹೊಲಿದು ಗೋಡೆಗೆ ತೂಗುಹಾಕುವ ಕಲಾವಿದರು ಇಂದು ಹಲವು ದೇಶಗಳಲ್ಲಿದ್ದಾರೆ. ಹೊಲಿಗೆಯವರು ಚಿತ್ರಕಾರರಿಂದ ಕಲಿತರೆಂದು ನೀವು ಭಾವಿಸಬಹುದು. ಆದರೆ ಚಿತ್ರಕಾರರೂ ಕೌದಿಯಿಂದ ಕಲಿತಿದ್ದಾರೆ.

1911ರಲ್ಲಿ ಪ್ಯಾರಿಸ್ಸಿನಲ್ಲಿದ್ದ ಸೋನಿಯಾ ಡೆಲೋನೆ ಎಂಬ ಚಿತ್ರಕಲಾವಿದೆ ತನ್ನ ಹಸುಗೂಸಿಗಾಗಿ ಬಟ್ಟೆ ತುಂಡುಗಳ ಹೊದಿಕೆಯೊಂದನ್ನು ಹೊಲಿದಳು. ತಾನು ಹುಟ್ಟಿದ ಸೀಮೆಯ ರೈತರ ಮನೆಗಳಲ್ಲಿ ಕಂಡ ಹೊದಿಕೆಯ ನೆನಪು ಅದು. ಅದನ್ನು ನೋಡಿದ ಗೆಳೆಯರಿಗೆ ಅದರಲ್ಲಿ ಹೊಸ ಕಾಲದ ಚಿತ್ರಕಲೆಯೇ ಕಂಡಿತು. ಅದೇ ಬಗೆಯ ಬಣ್ಣಗಳ ಜೋಡಣೆಯನ್ನು ಆಕೆ ಮುಂದೆ ತನ್ನ ಚಿತ್ರಗಳಿಗೂ ತಂದಳು. ತೊಟ್ಟಿಲ ಆ ಹೊದಿಕೆ ಈಗ ಪ್ಯಾರಿಸ್ಸಿನ ವಸ್ತುಸಂಗ್ರಹಾಲಯದಲ್ಲಿದೆ.

1971ರಲ್ಲಿ ನ್ಯೂಯಾರ್ಕಿನ ವಿಟ್ನಿ ವಸ್ತುಸಂಗ್ರಹಾಲಯವು ಹಳೆಯ ಅಮೆರಿಕನ್ ಕೌದಿಗಳನ್ನು ಚಿತ್ರಪಟಗಳಂತೆಯೇ ಗೋಡೆಗೆ ತೂಗುಹಾಕಿ ಪ್ರದರ್ಶಿಸಿತು. ಜನ ಬೆರಗಾದರು. ಆದರೆ ಹೊಲಿದ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರ ಹೆಸರು ಅಲ್ಲಿರಲಿಲ್ಲ. ಕೌದಿಗೆ ಗೌರವ ಸಿಕ್ಕಿತು, ಕೈಗೆ ಸಿಗಲಿಲ್ಲ. 2002ರಲ್ಲಿ ಅಲಬಾಮಾ ರಾಜ್ಯದ ಜೀಸ್ ಬೆಂಡ್ ಎಂಬ ಹಳ್ಳಿಯ ಕೌದಿಗಳು ಅದೇ ವಿಟ್ನಿಗೆ ಬಂದಾಗ ಹೊಲಿದವರ ಹೆಸರುಗಳೂ ಜೊತೆಗಿದ್ದವು. ಅವರು ಗುಲಾಮರಾಗಿದ್ದ ಆಫ್ರಿಕನ್ನರ ವಂಶದವರು. 2006ರಲ್ಲಿ ಆ ಕೌದಿಗಳು ಅಂಚೆಚೀಟಿಗಳ ಮೇಲೂ ಬಂದವು.

ನಮ್ಮ ರಾಜ್ಯಕ್ಕೆ ಬನ್ನಿ. ಗೋವೆಯ ಪೋರ್ಚುಗೀಸರು ಗುಲಾಮರನ್ನಾಗಿ ತಂದ ಆಫ್ರಿಕನ್ನರ ವಂಶದವರು ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳಲ್ಲಿದ್ದಾರೆ. ಅವರೇ ಸಿದ್ದಿಗಳು. ಅವರಲ್ಲಿ ಹಿಂದೂಗಳು, ಕ್ರೈಸ್ತರು, ನಮ್ಮ ಮುಸ್ಲಿಂ ಸೋದರ ಸೋದರಿಯರು ಎಲ್ಲರೂ ಇದ್ದಾರೆ. ಸಿದ್ದಿ ಹೆಂಗಸರು ಹಳೆ ಸೀರೆಯ ಮೇಲೆ ತುಂಡುಗಳನ್ನಿಟ್ಟು ಅಂಚಿನಿಂದ ಹೊಲಿಗೆ ಆರಂಭಿಸಿ, ಸುತ್ತುತ್ತಾ ಒಳಗೆ ಬಂದು ನಡುವಿನಲ್ಲಿ ಮುಗಿಸುತ್ತಾರೆ. ಯಾವ ನಕ್ಷೆಯನ್ನೂ ಮೊದಲೇ ಬರೆದುಕೊಳ್ಳುವುದಿಲ್ಲ. ನಾಲ್ಕು ಮೂಲೆಗೆ ಮಡಚಿದ ಬಟ್ಟೆಯ ‘ಫುಲ’ ಇಡದಿದ್ದರೆ ಕೌದಿ ಬೆತ್ತಲೆ ಎನ್ನುತ್ತಾರೆ! 2011ರಲ್ಲಿ ಈ ಕೌದಿಗಳು ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು.

ಇಲ್ಲಿ ಒಂದು ಶಬ್ದದ ಕಥೆ ಹೇಳಲೇಬೇಕು. ‘ಮುರಕ್ಕಾ’ ಎಂದರೆ ಅರಬ್ಬಿಯಲ್ಲಿ ತೇಪೆ ಹಾಕಿದ್ದು ಎಂದರ್ಥ. ಸೂಫಿಗಳ ತೇಪೆಯ ನಿಲುವಂಗಿಗೂ ಇದೇ ಮೂಲದ ಹೆಸರು. ಮೊಗಲ್ ಬಾದಶಹರು ಚಿತ್ರಗಳನ್ನೂ ಸುಂದರ ಕೈಬರಹವನ್ನೂ ಜೋಡಿಸಿ ಕಟ್ಟಿಸಿದ ಸಂಪುಟಗಳಿಗೂ ಇದೇ ಹೆಸರು. ಫಕೀರನ ತೇಪೆ ಮತ್ತು ಬಾದಶಹನ ಚಿತ್ರಗಳೆರಡನ್ನೂ ಒಂದೇ ಶಬ್ದದಲ್ಲಿ ಕರೆದವರು ನಮ್ಮ ಹಿರಿಯರು.

ಬಸವಾಪಟ್ಟಣದ ಓದುಗರೇ, ಅಂಗಡಿಯ ರಗ್ಗು ಬಂದ ಮೇಲೆ ನಿಮ್ಮ ಮನೆಯ ಕೌದಿ ಪೆಟ್ಟಿಗೆಯ ತಳ ಸೇರಿದ್ದರೆ ಹೊರತೆಗೆಯಿರಿ. ದಾದಿಯನ್ನೋ ನಾನಿಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು, ಯಾವ ತುಂಡು ಯಾರ ಬಟ್ಟೆಯದು ಎಂದು ಕೇಳಿ ಬರೆದುಕೊಳ್ಳಿ. ಬಳಿಕ ಕೌದಿಯ ಹಿಂಬದಿಯ ಮೂಲೆಯಲ್ಲಿ ಹೊಲಿದವರ ಹೆಸರನ್ನು ದಾರದಲ್ಲೇ ಬರೆಯಿರಿ. ಉರ್ದುವಿನಲ್ಲಾದರೂ ಸರಿ, ಕನ್ನಡದಲ್ಲಾದರೂ ಸರಿ.