ಸನ್ನಿಯೂ ಅರಳುಮರಳೂ

ಸೇಡಂ ತಾಲ್ಲೂಕಿನ ಮಳಖೇಡವು ಈಗ ಕಾಗಿಣಾ ನದಿಯ ದಡದ ಒಂದು ಗ್ರಾಮ. ಒಂಬತ್ತನೆಯ ಶತಮಾನದಲ್ಲಿ ಅದು ರಾಷ್ಟ್ರಕೂಟರ ಮಾನ್ಯಖೇಟ. 'ಕಲ್ಯಾಣಕಾರಕ'ವೆಂಬ ವೈದ್ಯಗ್ರಂಥವನ್ನು ರಚಿಸಿದ ಜೈನಾಚಾರ್ಯ ಉಗ್ರಾದಿತ್ಯನು ಮಾಂಸಾಹಾರದ ನಿಷ್ಫಲತೆಯನ್ನು ನೃಪತುಂಗನ ಆಸ್ಥಾನದಲ್ಲಿ ವಾದಿಸಿದನೆಂದು ಆ ಗ್ರಂಥದಿಂದಲೇ ತಿಳಿದುಬರುತ್ತದೆ. ಆತನಿಗಿಂತ ಬಹು ಹಿಂದೆಯೇ ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿತ್ತು: ವೈದ್ಯ, ಔಷಧ, ಪರಿಚಾರಕ, ರೋಗಿ. ಆತುರಾಲಯವನ್ನು ಕಟ್ಟುವ ವಿಧಾನವನ್ನು ವರ್ಣಿಸುವಾಗ, ಅಲ್ಲಿ ಅಡುಗೆಯವರೂ ಸ್ನಾನ ಮಾಡಿಸುವವರೂ ಮಾತ್ರವಲ್ಲದೆ ಹಾಡು, ಕಥೆ, ಪುರಾಣಗಳಲ್ಲಿ ಕುಶಲರಾದವರೂ ಇರಬೇಕೆಂದು ವಿಧಿಸುತ್ತದೆ. ಕಥೆ ಹೇಳುವವನಿಗೆ ಆಸ್ಪತ್ರೆಯಲ್ಲಿ ಏನು ಕೆಲಸವೆಂದು ನಾವು ಬಹುಕಾಲ ನಕ್ಕುಬಿಟ್ಟಿದ್ದೆವು.

ಬುದ್ಧಿಯ ಕದಡಿಕೆಗೆ ನಮ್ಮ ಹಿರಿಯರಲ್ಲಿ ಎರಡು ಮಾತುಗಳಿದ್ದುವು. ಜ್ವರದಲ್ಲಿ ಬಡಬಡಿಸಿದರೆ ಸನ್ನಿ. ವಯಸ್ಸಿನಿಂದ ಮೆಲ್ಲಮೆಲ್ಲನೆ ಮರೆವು ಕವಿದರೆ ಅರಳುಮರಳು. ಈ ಭೇದವು ಸಣ್ಣದಲ್ಲ. ಮರೆವಿನ ರೋಗವು ವರ್ಷಗಳ ಮೇಲೆ ಬೆಳೆಯುತ್ತದೆ. ಅದನ್ನು ಪೂರ್ಣವಾಗಿ ಹಿಂದಿರುಗಿಸುವ ಔಷಧವಿಲ್ಲ. ಸನ್ನಿಯಾದರೋ ಗಂಟೆಗಳಲ್ಲಿ, ಒಂದೆರಡು ದಿನಗಳಲ್ಲಿ ಬರುತ್ತದೆ, ಹೊತ್ತಿಗೊಂದು ತೆರನಾಗಿ ಏರಿಳಿಯುತ್ತದೆ. ಮೂತ್ರದ ಸೋಂಕು, ನಿರ್ಜಲತೆ, ಮಲಬದ್ಧತೆ, ನಿದ್ರೆಯ ಗುಳಿಗೆ, ಮುರಿದ ಮೂಳೆಯ ನೋವು ಇವೇ ಅದರ ಮೂಲಗಳು. ಮೂಲವನ್ನು ಹಿಡಿದು ನಿವಾರಿಸಿದರೆ ಬಹುಮಟ್ಟಿಗೆ ಇಳಿಯುತ್ತದೆ. ಅಲಕ್ಷಿಸಿದರೆ ಪ್ರಾಣಕ್ಕೇ ಅಪಾಯ. ಮೊದಲೇ ಮರೆವಿರುವವರಿಗೆ ಅದು ಇನ್ನೂ ಸುಲಭವಾಗಿ ಅಂಟಿಕೊಳ್ಳುತ್ತದೆ. "ಅರವತ್ತಕ್ಕೆ ಅರಳುಮರಳು" ಎಂದು ಸಮಾಧಾನಪಟ್ಟುಕೊಳ್ಳುವ ಮನೆಯಲ್ಲಿ ಎಷ್ಟು ಸನ್ನಿಗಳು ಹೀಗೆ ಕಾಣದೆಹೋದುವೋ! ಕೂಗಾಡುವ ರೋಗಿಯನ್ನು ಎಲ್ಲರೂ ನೋಡುತ್ತಾರೆ. ಮಂಕಾಗಿ ಮುದುರಿ ಮಲಗಿದವನೂ ಸನ್ನಿಯಲ್ಲಿರಬಹುದು, ಅವನತ್ತ ಯಾರೂ ತಿರುಗುವುದಿಲ್ಲ.

ಧಾರವಾಡದಲ್ಲಿ 1845ರಲ್ಲಿಯೂ ಬೆಂಗಳೂರಿನಲ್ಲಿ 1847ರಲ್ಲಿಯೂ ಹುಚ್ಚಾಸ್ಪತ್ರೆಗಳು ಸ್ಥಾಪಿತವಾದುವು. ಬೆಂಗಳೂರಿನದು 1925ರಲ್ಲಿ ಮಾನಸಿಕ ಆಸ್ಪತ್ರೆಯೆನಿಸಿ, 1974ರಲ್ಲಿ ನಿಮ್ಹಾನ್ಸ್ ಆಯಿತು. ಹೆಸರು ಬದಲಾದುದು ಬರಿಯ ಸಭ್ಯತೆಗಾಗಿ ಅಲ್ಲ. ಇರಿಸಿಕೊಳ್ಳುವ ಮನೆಯು ಗುಣಪಡಿಸುವ ಮನೆಯಾಗಬೇಕೆಂಬ ವಿಚಾರವು ಅದರಲ್ಲಿತ್ತು. ಜರ್ಮನಿಯ ಆಲ್ಜೈಮರನು 1906ರಲ್ಲಿ ಮರೆವಿಗೆ ಮಿದುಳಿನ ವಿಕಾರವನ್ನು ತೋರಿಸಿದನು.

ಕಥೆಗಾರನ ವಿಷಯಕ್ಕೆ ಪ್ರಮಾಣವು 1999ರಲ್ಲಿ ಅಮೆರಿಕದ ಯೇಲ್‌ನಿಂದ ಬಂದಿತು. ಎಪ್ಪತ್ತು ವರ್ಷ ದಾಟಿದ 852 ಮಂದಿ ರೋಗಿಗಳಲ್ಲಿ ಕೆಲವರಿಗೆ ಎಂದಿನ ಚಿಕಿತ್ಸೆ. ಉಳಿದವರಿಗೆ ಅದರೊಡನೆ ಕನ್ನಡಕ, ಕಿವಿಯ ಸಾಧನ, ಕುಡಿಯಲು ನೀರು, ನಡೆದಾಡಿಸುವಿಕೆ, ಮಲಗುವಾಗ ಬೆಚ್ಚನೆಯ ಹಾಲು, ದಿನವೂ ಹತ್ತಿರ ಕುಳಿತು ಮಾತು. ಮೊದಲಿನವರಲ್ಲಿ ನೂರಕ್ಕೆ 15.0 ಮಂದಿಗೂ ಎರಡನೆಯವರಲ್ಲಿ 9.9 ಮಂದಿಗೂ ಸನ್ನಿ ಬಂದಿತು. ಚರಕನ ಪರಿಚಾರಕನು ಅಂಕಿಗಳ ವೇಷದಲ್ಲಿ ಮರಳಿ ಬಂದಂತಾಯಿತು.

ಮಳಖೇಡದ ಸುತ್ತಣ ಸೀಮೆಗೆ ಇದು ದೂರದ ಮಾತಲ್ಲ. ಇಲ್ಲಿಯ ಬೇಸಗೆಯಲ್ಲಿ ಮುದುಕನೊಬ್ಬನು ನೀರಿಲ್ಲದೆ ಬಳಲುವುದಕ್ಕೆ ಅರ್ಧ ದಿನ ಸಾಕು. ಶಹಾಬಾದಿನ ಕಲ್ಲುಗಣಿಯಲ್ಲಿಯೋ ವಾಡಿಯ ಸಿಮೆಂಟಿನ ಕೆಲಸದಲ್ಲಿಯೋ ಆಯುಷ್ಯ ಕಳೆದವನನ್ನು ಅಪರಿಚಿತ ವಾರ್ಡಿನಲ್ಲಿ, ಕನ್ನಡಕವಿಲ್ಲದೆ, ರಾತ್ರಿಯೆಲ್ಲ ಉರಿಯುವ ದೀಪದ ಕೆಳಗೆ ಮಲಗಿಸಿದರೆ ಅವನ ಬುದ್ಧಿ ಎಲ್ಲಿ ನೆಲೆನಿಲ್ಲಬೇಕು? ಕೈ ಕಟ್ಟಿದರೆ ಗಾಬರಿ ಹೆಚ್ಚುತ್ತದೆ. ಚಿತ್ತಾಪುರದಲ್ಲಿ ಉರ್ದು, ಸೇಡಮಿನಲ್ಲಿ ತೆಲುಗು, ಚಿಂಚೋಳಿಯ ತಾಂಡಾಗಳಲ್ಲಿ ಲಂಬಾಣಿ ಕನ್ನಡದೊಡನೆ ಬೆರೆತಿರುವುವು. ಬುದ್ಧಿ ಕದಡಿದಾಗ ಮನುಷ್ಯನು ತೊಟ್ಟಿಲಿನ ಮಾತಿಗೆ ಹಿಂದಿರುಗುವುದು ಸಾಮಾನ್ಯ. "ಮುತ್ಯಾ, ಇದು ಸೇಡಂ ದವಾಖಾನಿ ಅದ, ನಿಮ್ಮ ಮಗ ಇಲ್ಲೇ ಹಾನ" ಎಂದು ಅವನ ಭಾಷೆಯಲ್ಲಿ ದಾದಿಯು ಹೇಳಿದರೆ ಅದೂ ಚಿಕಿತ್ಸೆಯೇ.

ನಮ್ಮ ಆಸ್ಪತ್ರೆಗಳಲ್ಲಿ ಮನೆಯವರು ಹಾಸಿಗೆಯ ಪಕ್ಕದಲ್ಲಿಯೇ ಇರುತ್ತಾರೆ. ಅದನ್ನು ಗದ್ದಲವೆಂದು ಬಗೆದು ಹೊರಗಟ್ಟುವುದುಂಟು. ಆದರೆ "ಮೊನ್ನೆಯವರೆಗೆ ಹೀಗಿರಲಿಲ್ಲ" ಎಂಬ ಸೊಸೆಯ ಒಂದು ಮಾತಿನಿಂದಲೇ ವೈದ್ಯನು ಸನ್ನಿಯನ್ನು ಅರಳುಮರಳಿನಿಂದ ಬೇರ್ಪಡಿಸಬೇಕಾಗಿದೆ. ಆಕೆಯನ್ನು ಒಳಗೆ ಕರೆದು, ಮುದುಕನು ಯಾವ ಹೆಸರಿಗೆ ಓಗೊಡುತ್ತಾನೆ, ಏನನ್ನು ಉಣ್ಣುತ್ತಾನೆ, ಯಾವ ಗುಳಿಗೆ ನುಂಗುತ್ತಿದ್ದನು ಎಂಬುದನ್ನು ಕೇಳಿ ಬರೆದುಕೊಳ್ಳಲು ಒಂದು ಹಾಳೆ ಸಾಕು.