ಗಿಟಾರಿನಲ್ಲಿ ಸ್ವರಗುಚ್ಛಗಳ ವಿನ್ಯಾಸ

ಮೂರು ಅಥವಾ ಅದಕ್ಕೂ ಮಿಗಿಲಾದ ಸ್ವರಗಳು ಏಕಕಾಲದಲ್ಲಿ ನುಡಿದಾಗ ಹುಟ್ಟುವ, ವಾದಕರು ಕಾರ್ಡ್ ಎಂದು ಕರೆಯುವ ಸ್ವರಗುಚ್ಛದಲ್ಲಿ ಯಾವ ಸ್ವರವು ಯಾವ ಸ್ಥಾಯಿಯಲ್ಲಿರಬೇಕು, ಯಾವುದು ತಳದಲ್ಲಿ ನಿಂತು ಯಾವುದು ಶಿಖರದಲ್ಲಿ ಕೇಳಿಸಬೇಕು, ಯಾವುದನ್ನು ಇಮ್ಮಡಿಸಬೇಕು, ಯಾವುದನ್ನು ಬಿಟ್ಟೇಬಿಡಬೇಕು ಎಂಬ ನಿರ್ಣಯಕ್ಕೆ ವಿನ್ಯಾಸ ಅಥವಾ ವಾಯ್ಸಿಂಗ್ ಎಂದು ಹೆಸರು. ಪಿಯಾನೋ ನುಡಿಸುವವನಿಗೆ ಹತ್ತು ಬೆರಳುಗಳುಂಟು. ಗಿಟಾರ್ ವಾದಕನಿಗಾದರೋ ತಂತಿಯನ್ನೊತ್ತಲು ಎಡಗೈಯ ನಾಲ್ಕೇ ಬೆರಳು, ತಂತಿಗಳು ಆರೇ, ಒಂದು ತಂತಿಯಿಂದ ಒಮ್ಮೆಗೆ ಹೊರಡುವುದು ಒಂದೇ ಸ್ವರ. ಈ ದಾರಿದ್ರ್ಯದಿಂದಲೇ ಈ ವಾದ್ಯದಲ್ಲಿ ಸ್ವರಗಳನ್ನು ಆರಿಸುವ ಕಲೆಗಿಂತಲೂ ತ್ಯಜಿಸುವ ಕಲೆ ಹೆಚ್ಚು ಬೆಳೆದಿದೆ.

ರೂಢಿಯ ಶ್ರುತಿಕ್ರಮದಲ್ಲಿ ದಪ್ಪ ತಂತಿಯಿಂದ ತೆಳುವಿನವರೆಗೆ ಕ್ರಮವಾಗಿ ಇ, ಎ, ಡಿ, ಜಿ, ಬಿ, ಇ ಸ್ವರಗಳಿದ್ದು, ಮೊದಲಿನದರ ಕಂಪನಸಂಖ್ಯೆ ಸುಮಾರು 82 ಹರ್ಟ್ಸ್, ಕೊನೆಯದರದು ಸುಮಾರು 330. ಪ್ರತಿಯೊಂದು ತಂತಿಯೂ ತನ್ನ ಹಿಂದಿನದಕ್ಕೆ ಶುದ್ಧ ಮಧ್ಯಮವಾಗಿರುತ್ತದೆ; ಜಿ ಮತ್ತು ಬಿ ತಂತಿಗಳ ನಡುವೆ ಮಾತ್ರ ಅಂತರ ಗಾಂಧಾರದ ಸಂಬಂಧ. ಈ ಒಂದು ಅಪವಾದವಿಲ್ಲದೆ ಎಲ್ಲವೂ ಮಧ್ಯಮಗಳೇ ಆಗಿದ್ದಲ್ಲಿ ಮೇಲಿನ ಎರಡು ತಂತಿಗಳು ಸಿ ಮತ್ತು ಎಫ್ ಆಗಿ, ಬಿಟ್ಟ ತಂತಿಗಳನ್ನು ಬಳಸುವ ಸುಲಭ ಗುಚ್ಛಗಳು ಕೈಗೆ ನಿಲುಕದೆ ಹೋಗುತ್ತಿದ್ದವು. ಅದಕ್ಕೆ ತೆರಬೇಕಾದ ಬೆಲೆಯೆಂದರೆ, ಕೆಳಗಿನ ತಂತಿಗಳ ಮೇಲೆ ಕಲಿತ ಬೆರಳಿನ ಆಕೃತಿಯನ್ನು ಮೇಲಕ್ಕೊಯ್ದಾಗ ಬಿ ತಂತಿಯಿಂದ ಮುಂದಕ್ಕೆ ಒಂದು ಫ್ರೆಟ್ಟಿನಷ್ಟು ತಿದ್ದಿಕೊಳ್ಳಬೇಕಾಗುವುದು.

ಮುಂದಿನ ವಿವರಣೆಯಲ್ಲಿ ಆಯಾ ಗುಚ್ಛದ ಮೂಲಸ್ವರವನ್ನೇ ಷಡ್ಜವೆಂದು ಭಾವಿಸಿಕೊಳ್ಳಬೇಕು. ಷಡ್ಜ, ಅಂತರ ಗಾಂಧಾರ, ಪಂಚಮ ಸೇರಿದರೆ ಮೇಜರ್ ಗುಚ್ಛ. ಗಾಂಧಾರವು ಸಾಧಾರಣವಾದರೆ ಮೈನರ್. ಹೊಸಬರು ಮೊದಲು ಕಲಿಯುವ ಇ ಮೇಜರ್ ಗುಚ್ಛದಲ್ಲಿ ಆರು ತಂತಿಗಳೂ ನುಡಿಯುತ್ತವಾದರೂ, ಅವುಗಳಲ್ಲಿ ಮೂರು ಷಡ್ಜ, ಎರಡು ಪಂಚಮ. ಗುಚ್ಛದ ಸ್ವಭಾವವನ್ನು ನಿರ್ಧರಿಸುವ ಗಾಂಧಾರ ಒಂದೇ ಒಂದು. ಈ ಒಂಟಿ ಗಾಂಧಾರ ಮಧ್ಯದಲ್ಲಿರುವುದರಿಂದಲೇ ಆ ಗುಚ್ಛಕ್ಕೆ ಗಾಂಭೀರ್ಯ. ಜಿ ಮೇಜರಿನ ಸಾಮಾನ್ಯ ಆಕೃತಿಯಲ್ಲಾದರೋ ಆರನೆಯ ತಂತಿಯ (ತಂತಿಗಳ ಎಣಿಕೆ ತೆಳುವಿನಿಂದ ದಪ್ಪದ ಕಡೆಗೆ) ಷಡ್ಜಕ್ಕೆ ಅಂಟಿಕೊಂಡಂತೆಯೇ ಐದನೆಯ ತಂತಿಯಲ್ಲಿ ಗಾಂಧಾರ ಬರುತ್ತದೆ. ಮಂದ್ರದಲ್ಲಿ ಇಷ್ಟು ಸಮೀಪವಾಗಿ ನಿಂತ ಸ್ವರಗಳ ಅನುರಣನಗಳು ಒಂದನ್ನೊಂದು ಘರ್ಷಿಸಿ ನಾದ ಕಲಕಿದಂತಾಗುವುದರಿಂದ, ಅನುಭವಿಗಳು ಆರನೆಯ ತಂತಿಯನ್ನೊತ್ತುವ ಬೆರಳಿನ ತುದಿಯಿಂದಲೇ ಐದನೆಯದನ್ನು ಮೂಕಗೊಳಿಸಿ, ಗಾಂಧಾರವನ್ನು ಬಿ ತಂತಿಗೆ ಬಿಟ್ಟುಕೊಡುತ್ತಾರೆ. ಬೆರಳೊಂದು ಉಳಿಯುತ್ತದೆ, ನಾದವೂ ತಿಳಿಯಾಗುತ್ತದೆ.

ತ್ಯಾಗದ ಪರಾಕಾಷ್ಠೆಯನ್ನು ಕಾಣಬೇಕಾದರೆ ಜ್ಯಾಸ್ ವಾದಕರು ಶೆಲ್ ಎಂದು ಕರೆಯುವ ಮೂರು ಸ್ವರಗಳ ವಿನ್ಯಾಸವನ್ನು ನೋಡಬೇಕು. ಇದರಲ್ಲಿರುವುದು ಷಡ್ಜ, ಗಾಂಧಾರ, ನಿಷಾದಗಳು ಮಾತ್ರ. ಪಂಚಮವು ಗುಚ್ಛದ ಸ್ವಭಾವದ ಬಗ್ಗೆ ಹೆಚ್ಚೇನನ್ನೂ ಹೇಳದ ಕಾರಣ ಅದಕ್ಕೆ ಇಲ್ಲಿ ಸ್ಥಾನವಿಲ್ಲ. ಡಿ ಮೈನರ್ 7, ಜಿ 7, ಸಿ ಮೇಜರ್ 7 ಎಂಬ, ಆ ಸಂಗೀತದಲ್ಲಿ ಹೆಜ್ಜೆಹೆಜ್ಜೆಗೂ ಬರುವ ಸರಣಿಯನ್ನೇ ಪರೀಕ್ಷಿಸೋಣ. ಮೊದಲನೆಯದಕ್ಕೆ ಐದನೆಯ ತಂತಿಯ 5ನೆಯ ಫ್ರೆಟ್, ನಾಲ್ಕನೆಯದರ 3, ಮೂರನೆಯದರ 5. ಎರಡನೆಯದಕ್ಕೆ ಆರನೆಯ ತಂತಿಯ 3, ನಾಲ್ಕನೆಯದರ 3, ಮೂರನೆಯದರ 4. ಕೊನೆಯದಕ್ಕೆ ಐದನೆಯದರ 3, ನಾಲ್ಕನೆಯದರ 2, ಮೂರನೆಯದರ 4. ತಳದ ಸ್ವರವು ನೆಗೆದಾಡುತ್ತಿದ್ದರೂ ಮೇಲಿನ ಎರಡರ ಪೈಕಿ ಒಂದು ಕದಲದೆ ನಿಲ್ಲುತ್ತದೆ, ಇನ್ನೊಂದು ಒಂದೇ ಫ್ರೆಟ್ ಕೆಳಗಿಳಿಯುತ್ತದೆ. ಜಿ ಗುಚ್ಛದಲ್ಲಿ ಕೈಶಿಕಿ ನಿಷಾದವಾಗಿದ್ದ ಎಫ್ ಇಳಿದು ಸಿ ಗುಚ್ಛದ ಗಾಂಧಾರವಾಗುತ್ತದೆ, ಗಾಂಧಾರವಾಗಿದ್ದ ಬಿ ನಿಂತಲ್ಲಿಯೇ ಕಾಕಲಿ ನಿಷಾದವಾಗುತ್ತದೆ. ಗುಚ್ಛಗಳನ್ನು ಬಿಡಿಬಿಡಿಯಾಗಿ ಕಂಠಪಾಠ ಮಾಡಿದವನಿಗೆ ಈ ಸೂಕ್ಷ್ಮ ಗೋಚರಿಸದು. ಒಂದರಿಂದ ಮತ್ತೊಂದಕ್ಕೆ ಹೋಗುವ ದಾರಿಯಲ್ಲಿಯೇ ವಿನ್ಯಾಸದ ಪ್ರಯೋಜನವೆಲ್ಲ ಅಡಗಿದೆ. 1937ರಲ್ಲಿ ಕೌಂಟ್ ಬೇಸಿಯ ವಾದ್ಯವೃಂದವನ್ನು ಸೇರಿ ಸುಮಾರು ಅರ್ಧ ಶತಮಾನ ಅಲ್ಲಿ ಲಯಕ್ಕೆ ಆಧಾರವಾಗಿದ್ದ ಫ್ರೆಡ್ಡಿ ಗ್ರೀನ್ ಈ ಮೂರು ಸ್ವರಗಳಲ್ಲಿಯೂ ಎಷ್ಟೋ ವೇಳೆ ಒಂದೆರಡನ್ನೇ ಸ್ಪಷ್ಟವಾಗಿ ನುಡಿಸುತ್ತಿದ್ದನು. ಅಷ್ಟು ಜನ ತುತ್ತೂರಿಗಾರರ ನಡುವೆ ಅದಕ್ಕಿಂತ ಹೆಚ್ಚಿನದು ಬೇಕಾಗಿಯೂ ಇರಲಿಲ್ಲ.

ನಾಲ್ಕು ಸ್ವರಗಳ ಗುಚ್ಛವನ್ನು ಪೂರ್ಣವಾಗಿ ನುಡಿಸಬೇಕೆಂದರೆ ಬೇರೊಂದು ತೊಡಕು ಎದುರಾಗುತ್ತದೆ. ಸ, ಗ, ಪ, ನಿ ಒಂದರ ಮೇಲೊಂದು ಒತ್ತಾಗಿ ನಿಂತ ಸಿ ಮೇಜರ್ 7 ಗುಚ್ಛವನ್ನು ಮೇಲಿನ ನಾಲ್ಕು ತಂತಿಗಳಲ್ಲಿ 10, 9, 8, 7ನೆಯ ಫ್ರೆಟ್ಟುಗಳನ್ನೊತ್ತಿ ಹೇಗೋ ಹಿಡಿಯಬಹುದು. ಆದರೆ ಅದನ್ನೇ ಗಾಂಧಾರದಿಂದ ಆರಂಭಿಸಿ ಗ, ಪ, ನಿ, ಸ ಎಂದು ಜೋಡಿಸಿದರೆ ಬೆರಳುಗಳು 8ರಿಂದ 14ರವರೆಗೆ ಚಾಚಬೇಕಾಗಿ, ಸಾಮಾನ್ಯ ಹಸ್ತಕ್ಕೆ ಅದು ಶಿಕ್ಷೆಯೇ ಸರಿ. ಮೇಲಿನಿಂದ ಎರಡನೆಯ ಸ್ವರವನ್ನು ಒಂದು ಸ್ಥಾಯಿ ಕೆಳಗಿಳಿಸುವುದೇ ಇದಕ್ಕೆ ಪರಿಹಾರ; ಡ್ರಾಪ್-2 ಎಂದು ಹೆಸರಾದ ಉಪಾಯವಿದು. ಸ-ಗ-ಪ-ನಿ ಆಗ ಪ-ಸ-ಗ-ನಿ ಆಗುತ್ತದೆ. 4, 3, 2ನೆಯ ತಂತಿಗಳ 5ನೆಯ ಫ್ರೆಟ್ಟನ್ನು ಒಂದೇ ಬೆರಳು ಅಡ್ಡಲಾಗಿ ಒತ್ತಿದರೆ, ಮೊದಲನೆಯ ತಂತಿಯ 7ನೆಯದನ್ನು ಇನ್ನೊಂದು ಬೆರಳು ಹಿಡಿಯುತ್ತದೆ. ನಾಲ್ಕು ಸ್ವರಗಳಲ್ಲಿ ಯಾವುದು ಬೇಕಾದರೂ ಶಿಖರಕ್ಕೆ ಬರುವಂತೆ ನಾಲ್ಕು ಪರ್ಯಾಯಗಳು ಇದರಿಂದ ಸಿದ್ಧಿಸುವುದರಿಂದ, ಹಾಡಿನ ಧಾಟಿಯನ್ನು ಮೇಲಿನ ತಂತಿಯಲ್ಲಿಟ್ಟು ಉಳಿದ ಮೂರರಿಂದ ಅದನ್ನು ಹೊತ್ತು ನಡೆಯುವುದು ಸಾಧ್ಯವಾಗುತ್ತದೆ. ವೆಸ್ ಮಾಂಟ್‌ಗೊಮರಿ (1923–1968) ತನ್ನ ಏಕವಾದನವನ್ನು ಬಿಡಿ ಸ್ವರಗಳಿಂದ ಆರಂಭಿಸಿ, ಸ್ಥಾಯಿಜೋಡಿಗಳಿಗೆ ಏರಿ, ಕಡೆಗೆ ಗುಚ್ಛಗಳಲ್ಲಿ ಮುಗಿಸುತ್ತಿದ್ದ ಪರಿಗೆ ಇಂತಹ ವಿನ್ಯಾಸಗಳೇ ಆಸರೆ.

ಜಿಮಿ ಹೆಂಡ್ರಿಕ್ಸನು 1967ರ ‘ಪರ್ಪಲ್ ಹೇಜ್’ನಲ್ಲಿ ಬಳಸಿ ಪ್ರಸಿದ್ಧಗೊಳಿಸಿದ ಇ 7 ಶಾರ್ಪ್ 9 ಗುಚ್ಛವನ್ನು ಪ್ರತ್ಯೇಕವಾಗಿ ಹೇಳಲೇಬೇಕು. ಐದನೆಯ ತಂತಿಯಿಂದ ಎರಡನೆಯದರವರೆಗೆ 7, 6, 7, 8ನೆಯ ಫ್ರೆಟ್ಟುಗಳು. ಇಲ್ಲಿ ಅಂತರ ಗಾಂಧಾರ, ಸಾಧಾರಣ ಗಾಂಧಾರ ಎರಡೂ ಒಂದೇ ಕ್ಷಣದಲ್ಲಿ ಕೇಳಿಸುತ್ತವೆಂದರೆ ನಮ್ಮ ಸಂಗೀತದ ಅಭ್ಯಾಸವುಳ್ಳ ಕಿವಿ ಬೆಚ್ಚುವುದು ಸಹಜ. ಅಕ್ಕಪಕ್ಕದಲ್ಲಿದ್ದರೆ ಅವು ಕರ್ಕಶವೇ ಆಗುತ್ತಿದ್ದವು. ಆದರೆ ಅಂತರ ಗಾಂಧಾರವು ಕೆಳಗೆ, ಸಾಧಾರಣವು ಅದಕ್ಕಿಂತ ಹೆಚ್ಚುಕಡಮೆ ಒಂದು ಸ್ಥಾಯಿ ಮೇಲೆ, ಎರಡರ ಮಧ್ಯೆ ಕೈಶಿಕಿ ನಿಷಾದ ಇರುವಂತೆ ಜೋಡಿಸಿದ್ದರಿಂದ ವೈಷಮ್ಯವು ಖಾರವಾಗಿ ಪರಿಣಮಿಸುತ್ತದೆ. ಪಂಚಮ ಇಲ್ಲಿಯೂ ಇಲ್ಲ. ಇದಕ್ಕೆ ವ್ಯತಿರಿಕ್ತವಾಗಿ ರಾಕ್ ಸಂಗೀತದ ಪವರ್ ಕಾರ್ಡಿನಲ್ಲಿ ಉಳಿಯುವುದು ಷಡ್ಜ ಪಂಚಮಗಳೇ. ಧ್ವನಿವರ್ಧಕದಲ್ಲಿ ನಾದವನ್ನು ವಿಕಾರಗೊಳಿಸಿದಾಗ ಸ್ವರಗಳ ಮಿಶ್ರಣದಿಂದ ಹೊಸ ಕಂಪನಗಳು ಹುಟ್ಟುವುದರಿಂದ, ಗಾಂಧಾರವಿದ್ದರೆ ಒಟ್ಟು ನಾದವು ಕೆಸರಾಗುತ್ತದೆ.

ಶ್ರುತಿಕ್ರಮವನ್ನೇ ಬದಲಿಸುವುದು ಇನ್ನೊಂದು ಮಾರ್ಗ. ಒಂಬತ್ತನೆಯ ವಯಸ್ಸಿನಲ್ಲಿ ಪೋಲಿಯೋಗೆ ತುತ್ತಾಗಿ ಎಡಗೈ ದುರ್ಬಲಗೊಂಡಿದ್ದ ಕೆನಡಾದ ಗಾಯಕಿ ಜೋನಿ ಮಿಚೆಲ್, ಕಠಿಣ ಆಕೃತಿಗಳನ್ನು ಹಿಡಿಯುವ ಬದಲು ತಂತಿಗಳನ್ನು ಹತ್ತಾರು ಬಗೆಯಲ್ಲಿ ಶ್ರುತಿಗೊಳಿಸಿ, ಒಂದೆರಡು ಬೆರಳುಗಳಿಂದಲೇ ಅಪೂರ್ವವಾದ ಗುಚ್ಛಗಳನ್ನು ಪಡೆದರು. ರೂಢಿಯ ಶ್ರುತಿಯಲ್ಲಿ ಅವುಗಳಲ್ಲಿ ಅನೇಕವನ್ನು ಎಷ್ಟೇ ಗಟ್ಟಿಮುಟ್ಟಾದ ಕೈಯೂ ಹಿಡಿಯಲಾರದು.