ಬರಹಕ್ಕೆ ಸಿಕ್ಕದ ನಾದ

ಬರೆದಿಟ್ಟದ್ದು ಉಳಿಯುತ್ತದೆ ಎಂಬ ನಂಬಿಕೆ ನಮ್ಮಂಥ ಅಕ್ಷರವಂತರಿಗೆ ಸಹಜವಾದದ್ದು. ಬಾಳೆಲ್ಲ ಸಾಹಿತ್ಯದ ಪಾಠ ಹೇಳಿದ ನನಗೂ ಅದು ಬಲವಾಗಿಯೇ ಇತ್ತು. ಅದನ್ನು ಅಲುಗಿಸಿದ್ದು ಐರ್ಲೆಂಡಿನ ಹಳೆಯ ಹಾರ್ಪ್ ವಾದ್ಯದ ಕಥೆ. ಅದನ್ನೇ ಇಂದು ತಮ್ಮ ಮುಂದಿಡುತ್ತಿದ್ದೇನೆ.

ಈ ವಾದ್ಯದ ಒಡಲನ್ನು ಒಂದೇ ಮರದ ದಿಮ್ಮಿಯಿಂದ ಕೊರೆಯುತ್ತಿದ್ದರು. ಅದಕ್ಕೆ ಬಿಗಿಯುತ್ತಿದ್ದುದು ಹಿತ್ತಾಳೆಯ ತಂತಿ. ಮೀಟುತ್ತಿದ್ದುದು ನೀಳವಾಗಿ ಬೆಳೆಸಿದ ಉಗುರಿನಿಂದ. ಹಿತ್ತಾಳೆಯ ನಾದ ಬೇಗ ಅಡಗದು. ಹಿಂದಿನ ಸ್ವರ ಮುಂದಿನದರ ಮೇಲೆ ಬಂದು ಬೀಳುತ್ತದೆ. ಆದ್ದರಿಂದ ಒಂದು ಬೆರಳು ಮೀಟುವಾಗ ಇನ್ನೊಂದು ಹಿಂದಿನ ತಂತಿಯನ್ನು ತಡೆಯಬೇಕು. ಯಾವುದನ್ನು ಮೊಳಗಲು ಬಿಡುವುದು, ಯಾವುದನ್ನು ಮೌನಗೊಳಿಸುವುದು ಎಂಬ ವಿವೇಕದಲ್ಲಿಯೇ ಆ ಕಲೆಯ ಮರ್ಮವಿತ್ತು.

ಪುನರುಜ್ಜೀವನದ ಯುಗದಲ್ಲಿ ಇದರ ಕೀರ್ತಿ ದೂರದವರೆಗೂ ಹಬ್ಬಿತ್ತು. ವಿಜ್ಞಾನಿ ಗೆಲಿಲಿಯೋನ ತಂದೆ ವಿಂಚೆಂಜೊ ಗೆಲಿಲಿ 1581ರಲ್ಲಿ ಪ್ರಕಟಿಸಿದ ಸಂಗೀತಗ್ರಂಥದಲ್ಲಿ ಐರಿಷ್ ಹಾರ್ಪಿನ ಪ್ರಸ್ತಾಪವಿದೆ. ಇಂಗ್ಲೆಂಡಿನ ದೊರೆ ಒಂದನೆಯ ಜೇಮ್ಸನ ಆಸ್ಥಾನದಲ್ಲಿ ಕಾರ್ಮಾಕ್ ಮ್ಯಾಕ್‌ಡರ್ಮಟ್ ಎಂಬ ಐರಿಷ್ ವಾದಕನಿದ್ದ. ಆದರೆ ಹದಿನೇಳನೆಯ ಶತಮಾನದಲ್ಲಿ ಇಂಗ್ಲಿಷರ ಆಳ್ವಿಕೆ ಬೇರೂರಿದಂತೆ ಐರ್ಲೆಂಡಿನ ಹಳೆಯ ಪಾಳೆಯಗಾರ ಮನೆತನಗಳು ಮುರಿದುಬಿದ್ದವು. ಆಶ್ರಯ ತಪ್ಪಿದ ವಾದಕರು ಮನೆಯಿಂದ ಮನೆಗೆ ಅಲೆಯತೊಡಗಿದರು.

1792ರ ಜುಲೈ ತಿಂಗಳಲ್ಲಿ ಬೆಲ್‌ಫಾಸ್ಟ್ ನಗರದ ಕೆಲವು ಮಹನೀಯರು ಉಳಿದ ವಾದಕರನ್ನು ಒಂದೆಡೆ ಕರೆಸಿದರು. ಬಂದ ಐರಿಷ್ ವಾದಕರು ಹತ್ತೇ ಮಂದಿ. ಅವರಲ್ಲಿ ಆರು ಜನ ಅಂಧರು. ಅವರ ಸಂಗೀತವನ್ನು ಬರೆದುಕೊಳ್ಳಲು ನೇಮಕಗೊಂಡವನು ಹತ್ತೊಂಬತ್ತರ ತರುಣ ಎಡ್ವರ್ಡ್ ಬಂಟಿಂಗ್. ಹತ್ತು ಮಂದಿಯಲ್ಲಿ ಹಳೆಯ ಪದ್ಧತಿಯಂತೆ ಉಗುರಿನಿಂದ ನುಡಿಸುತ್ತಿದ್ದವನು ಡೆನಿಸ್ ಹೆಂಪ್ಸನ್ ಒಬ್ಬನೇ. ಸಿಡುಬಿನಿಂದ ಎಳವೆಯಲ್ಲೇ ಕಣ್ಣು ಕಳೆದುಕೊಂಡಿದ್ದ ಆತನಿಗೆ ಆಗ 97 ವರ್ಷವೆಂದು ಹೇಳುತ್ತಾರೆ. ಅತಿ ಪ್ರಾಚೀನವಾದುದನ್ನು ನುಡಿಸೆಂದು ಬಂಟಿಂಗ್ ಬೇಡಿದರೆ ಮುದುಕ ಹಿಂಜರಿಯುತ್ತಿದ್ದನಂತೆ: ಅವು ಕಲಿಯಲು ಕಠಿಣ, ಮೇಲಾಗಿ ನೋವಿನ ನೆನಪುಗಳನ್ನು ಕೆದಕುತ್ತವೆ ಎಂದು.

ಬಂಟಿಂಗ್ ಪ್ರಾಮಾಣಿಕ. ಆ ದಿನದಿಂದ ಸಾಯುವವರೆಗೆ ಇದೇ ಅವನ ಧ್ಯಾನವಾಯಿತು. 1796ರಲ್ಲಿ 66 ಧಾಟಿಗಳ ಸಂಪುಟವನ್ನು ಹೊರತಂದ. 1809 ಮತ್ತು 1840ರಲ್ಲಿ ಇನ್ನೆರಡು. ಆದರೆ ಅವನು ಅವನ್ನೆಲ್ಲ ಪಿಯಾನೋಗೆ ಒಗ್ಗಿಸಿದ. ಆ ಕಾಲದ ದಿವಾನಖಾನೆಗಳಲ್ಲಿ ಇದ್ದ ವಾದ್ಯ ಅದು. ಪುಸ್ತಕ ಕೊಳ್ಳುವವರೂ ಅವರೇ. ಸ್ವರಗಳು ಉಳಿದವು, ತಂತಿಯನ್ನು ತಡೆಯುವ ಬೆರಳು ಪುಟದ ಮೇಲೆ ಕಾಣಲಿಲ್ಲ. 1807ರಲ್ಲಿ ಹೆಂಪ್ಸನ್ ತೀರಿಕೊಂಡ. ಹತ್ತೊಂಬತ್ತನೆಯ ಶತಮಾನ ಮುಗಿಯುವಷ್ಟರಲ್ಲಿ ಕರುಳಿನ ತಂತಿಯ ಬೇರೊಂದು ಹಾರ್ಪ್ ಹಳೆಯದರ ಸ್ಥಾನವನ್ನು ಆಕ್ರಮಿಸಿತ್ತು.

ಹಳೆಯ ಸಂಗೀತವನ್ನು ಹಳೆಯ ವಾದ್ಯದಲ್ಲಿಯೇ ಕೇಳಬೇಕೆಂದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪಟ್ಟುಹಿಡಿದವರಲ್ಲಿ ಅರ್ನಾಲ್ಡ್ ಡಾಲ್ಮೆಚ್ ಪ್ರಮುಖ. 1970ರ ದಶಕದಲ್ಲಿ ಅಮೆರಿಕದ ಆ್ಯನ್ ಹೇಮನ್ ಎಂಬಾಕೆ ಹಿತ್ತಾಳೆ ತಂತಿಯ ಹಾರ್ಪನ್ನು ಕೈಗೆತ್ತಿಕೊಂಡು, ಉಗುರು ಬೆಳೆಸಿ, ಬಂಟಿಂಗನ ಬರಹಗಳನ್ನು ಮತ್ತೆ ಓದಿದರು. ವಾದಕರು ಬೆರಳಿನ ಒಂದೊಂದು ಚಲನೆಗೂ ಕೊಟ್ಟಿದ್ದ ಹೆಸರುಗಳನ್ನು ಅವನು 1840ರ ಸಂಪುಟದಲ್ಲಿ ದಾಖಲಿಸಿದ್ದ. ಪಿಯಾನೋದ ಮುಂದೆ ನಿರರ್ಥಕವಾಗಿದ್ದ ಆ ಪಟ್ಟಿ ಹಿತ್ತಾಳೆಯ ತಂತಿಯ ಮೇಲೆ ಪಾಠವಾಯಿತು. ತಡೆಯಬೇಕಾದಲ್ಲಿ ತಡೆಯದಿದ್ದರೆ ವಾದ್ಯ ತಾನೇ ಗದ್ದಲವೆಬ್ಬಿಸಿ ತಪ್ಪನ್ನು ತೋರಿಸುತ್ತದೆ; ಗುರುವಿಲ್ಲದ ಶಿಷ್ಯೆಗೆ ವಾದ್ಯವೇ ಗುರುವಾಯಿತು ಎನ್ನಬೇಕು.

ಹೀಗೆ ಕೇಳಿಬರುವುದು ಹೆಂಪ್ಸನ್ನನ ಸಂಗೀತವೇ ಎಂದು ಯಾರೂ ಪ್ರಮಾಣ ಮಾಡಲಾರರು. ಬಂಟಿಂಗ್ ಬರೆಯದೆ ಹೋಗಿದ್ದರೆ ಹುಡುಕಾಟಕ್ಕೇ ದಾರಿಯಿರುತ್ತಿರಲಿಲ್ಲ ಎಂಬುದೂ ನಿಜ. ಆದರೂ ನನ್ನನ್ನು ಕಾಡುವುದು ಆ ಜುಲೈ ತಿಂಗಳ ಚಿತ್ರ. ಉಗುರಿನಿಂದ ನುಡಿಸುವ ಕೊನೆಯ ಕೈ ಅವನ ಕಣ್ಣೆದುರಿಗೇ ಇತ್ತು. ತರುಣನ ಗಮನವೆಲ್ಲ ಕಾಗದದ ಮೇಲೆ. ಅವನ ಜಾಗದಲ್ಲಿ ನಾನಿದ್ದರೆ ನಾನೂ ಬರೆಯುತ್ತಲೇ ಕೂತಿರುತ್ತಿದ್ದೆ.